ಛಾವಣಿ ಮೇಲಿನ ವೆರ್ಲಿನ್ ಮಾವ

ನಮ್ಮ ಪೈನಿ ಗ್ಯಾಪ್ ಸ್ಪೀಡ್‌ವೇ ಕಾರ್ ರೇಸಿನಲ್ಲಿ ಬೇಕಂತಲೇ ಗುದ್ದಿದವನಿಗೆ ಮರ್ಯಾದೆ ಇದೆ, ತಪ್ಪಿ ಗುದ್ದಿದವನಿಗೆ ಇಲ್ಲ. ಹೋದ ವಾರ ನೀನು ನನ್ನ ಬಂಪರ್ ಎತ್ತಿದೆಯಾ, ಈ ವಾರ ನಾನು ನಿನ್ನನ್ನು ಗೋಡೆಗೆ ಒರೆಸುತ್ತೇನೆ, ಅಲ್ಲಿಗೆ ಮುಗಿಯಿತು. ಆಮೇಲೆ ಇಬ್ಬರೂ ಒಂದೇ ಗಾಡಿಯ ಮುಂದೆ ನಿಂತು ಹುರಿದ ಬೊಲೋನಿ ಮಾಂಸದ ಸ್ಯಾಂಡ್‌ವಿಚ್ ತಿನ್ನುತ್ತಾರೆ. ಇದು ನ್ಯಾಯವೇ ಎಂದು ನನ್ನನ್ನು ಕೇಳಬೇಡಿ. ನಾನು ಲ್ಯಾಂಡಿಸ್ ಎಂಬ ಡ್ರೈವರ್‌ನ ಕಾರಿಗೆ ಟಯರ್ ಹಾಕುವವನು, ಪಾದ್ರಿಯಲ್ಲ.

ಲ್ಯಾಂಡಿಸ್‌ನ ಸ್ಪಾಟರ್ ಅವನ ಸೋದರಮಾವ ವೆರ್ಲಿನ್. ಬೆಲ್ಟು ಬಿಗಿದು ಕೂತ ಡ್ರೈವರ್‌ಗೆ ತಲೆ ಹೊರಳಿಸಲೂ ಆಗುವುದಿಲ್ಲ. ಪಕ್ಕದಲ್ಲಿ ಯಾರಿದ್ದಾರೆ, ಗೋಡೆಯ ಕಡೆಗೆ ಸರಿಯಲು ಜಾಗವಿದೆಯೇ ಎಂಬುದನ್ನೆಲ್ಲ ಪ್ರೇಕ್ಷಕರ ಸ್ಟ್ಯಾಂಡಿನ ಛಾವಣಿಯ ಮೇಲೆ ನಿಂತ ಸ್ಪಾಟರ್ ನೋಡಿ ರೇಡಿಯೋದಲ್ಲಿ ಹೇಳಬೇಕು. ಅವನು ‘ಕ್ಲಿಯರ್’ ಅಂದರೆ ಡ್ರೈವರ್ ಹಿಂದೆಮುಂದೆ ನೋಡದೆ ಸ್ಟೀರಿಂಗ್ ತಿರುಗಿಸುತ್ತಾನೆ. ಹೆಂಡತಿ ತೀರಿಕೊಂಡ ಮೇಲೆ ವೆರ್ಲಿನ್ ಮಾವ ವಾರವಿಡೀ ಯಾರೊಂದಿಗೂ ನೆಟ್ಟಗೆ ಮಾತಾಡುತ್ತಿರಲಿಲ್ಲ. ಶನಿವಾರ ಛಾವಣಿ ಹತ್ತಿದರೆ ಮಾತ್ರ ಬಾಯಿ ಬಿಚ್ಚುತ್ತಿದ್ದರು. ಅದೊಂದಕ್ಕೋಸ್ಕರ ಅವರು ಉಳಿದ ಆರು ದಿನ ತಳ್ಳುತ್ತಿದ್ದಾರೆ ಎಂದು ನಮಗೆಲ್ಲ ಗೊತ್ತಿತ್ತು.

ಗೊತ್ತಿಲ್ಲದಿದ್ದದ್ದು ಅವರ ಕಣ್ಣಿನ ವಿಷಯ. ಈ ಬೇಸಿಗೆಯಲ್ಲಿ ಎರಡು ಸಲ ಕಾಫಿಯನ್ನು ಲೋಟದ ಆಚೆಗೆ ಸುರಿದಾಗ ನಾವು ಗೇಲಿ ಮಾಡಿ ನಕ್ಕೆವು. ಅವರೂ ನಕ್ಕರು.

ಆ ಶನಿವಾರ ರಾಯ್ಸ್ ಎಂಬ ವೆಲ್ಡರ್‌ನ ಕಾರು ಲ್ಯಾಂಡಿಸ್‌ಗೆ ಅಂಟಿಕೊಂಡೇ ಓಡುತ್ತಿತ್ತು. ರಾಯ್ಸ್‌ಗೆ ಬಣ್ಣ ಹೊಡೆಸುವಷ್ಟು ವ್ಯವಧಾನವಿರಲಿಲ್ಲ. ಪ್ರೈಮರ್ ಬಳಿದ ಬೂದು ಕಾರು, ಅದರ ಕೆಳಗೆ ಬೂದು ಕಾಂಕ್ರೀಟ್, ಪಕ್ಕದಲ್ಲಿ ಬೂದು ಗೋಡೆ. ಇಳಿಬಿಸಿಲು ಬೇರೆ ಮೂರನೇ ತಿರುವಿಗೆ ನೇರವಾಗಿ ಬಿದ್ದು ಕಾಂಕ್ರೀಟೆಲ್ಲ ಫಳಗುಟ್ಟುತ್ತಿತ್ತು. ಹಿಂದಿನ ವಾರ ಇದೇ ರಾಯ್ಸ್ ಲ್ಯಾಂಡಿಸ್‌ನನ್ನು ಹಿಂದಿನಿಂದ ತಳ್ಳಿ ಗೆದ್ದಿದ್ದ. ಹಾಗಾಗಿ ಇವತ್ತು ಏನೋ ಆಗುತ್ತದೆ ಎಂದು ಜನ ಮೊದಲೇ ಎದ್ದು ನಿಂತಿದ್ದರು.

ಕೊನೆಯ ಸುತ್ತಿನಲ್ಲಿ ನನ್ನ ಹೆಡ್‌ಫೋನಿನಲ್ಲೂ ಮಾವನ ದನಿ ಕೇಳಿತು. ಎಂದಿನ ಹಾಗೆ ತಣ್ಣಗೆ, ಸ್ಪಷ್ಟವಾಗಿ, ಕ್ಲಿಯರ್ ಅಂದರು. ಲ್ಯಾಂಡಿಸ್ ಮೇಲಕ್ಕೆ, ಗೋಡೆಯ ಕಡೆಗೆ ಸರಿದ. ಆದರೆ ರಾಯ್ಸ್ ಅಲ್ಲೇ ಇದ್ದ. ಬೂದು ಕಾರಿನ ಮೂತಿ ಗೋಡೆಗೆ ಹೊಡೆದ ಸದ್ದು ಇಂಜಿನ್ನುಗಳ ಗದ್ದಲದಲ್ಲೂ ಕೇಳಿಸಿತು. ಲ್ಯಾಂಡಿಸ್ ಗೆದ್ದ. ರಾಯ್ಸ್‌ನನ್ನು ಕಿಟಕಿಯಿಂದ ಎಳೆದು ಹೊರತೆಗೆದಾಗ ಅವನ ಬಲಗೈ ಮಣಿಕಟ್ಟಿನ ಹತ್ತಿರ ಸೊಟ್ಟಗಾಗಿತ್ತು.

ಅರ್ಧ ಜನ ಬೈದರು, ಅರ್ಧ ಜನ ಕೇಕೆ ಹಾಕಿದರು. ಮೈಕು ಹಿಡಿದವನು ಇದೇನು ಹಿಂದಿನ ವಾರದ್ದಕ್ಕೆ ಉತ್ತರವೇ ಎಂದು ಕೇಳಿದ. ಲ್ಯಾಂಡಿಸ್ ಒಂದು ಕ್ಷಣ ಛಾವಣಿಯ ಕಡೆ ನೋಡಿದ.

“ಬಾಕಿ ಇತ್ತು, ಕೊಟ್ಟೆ,” ಅಂದ.

ಅದು ಹಸಿ ಸುಳ್ಳು. ರೇಡಿಯೋ ಕೇಳಿದ್ದ ನನಗೆ ಗೊತ್ತು.

ಮಾವ ಪಕ್ಕದ ಕಂಬಿ ತಡವುತ್ತ ಮೆಟ್ಟಿಲಿಳಿದು ಬಂದರು. ಏನಾಯಿತು ಎಂದು ಲ್ಯಾಂಡಿಸ್ ಕೇಳಿದ್ದಕ್ಕೆ, ಬಿಸಿಲು ಕಣ್ಣಿಗೆ ಹೊಡೀತು ಅಂದರು. ಲ್ಯಾಂಡಿಸ್ ಅವರ ಭುಜ ಹಿಡಿದು ತಗ್ಗಿದ ದನಿಯಲ್ಲಿ ಹೇಳಿದ:

“ಮಾವ, ನೀವು ಬಾಯ್ಮುಚ್ಕೊಂಡಿರಿ. ಬೇಕಂತ ಗುದ್ದಿದ ಅಂದ್ರೆ ಜನ ನನ್ನ ಎರಡು ವಾರ ಬೈತಾರೆ, ಮರೀತಾರೆ. ನೀವು ತಪ್ಪು ಹೇಳಿದ್ರಿ ಅಂದ್ರೆ ಮತ್ತೆ ಆ ಮೆಟ್ಲು ಹತ್ತೋಕೆ ಯಾರೂ ಬಿಡಲ್ಲ.”

ಅಷ್ಟು ಪ್ರೀತಿಯಿಂದ ಹೇಳಿದ ಮಾತು ಒಬ್ಬ ಮನುಷ್ಯನನ್ನು ಹಾಗೆ ಕುಗ್ಗಿಸಿದ್ದನ್ನು ನಾನು ನೋಡಿರಲಿಲ್ಲ. ದಾರಿಯಲ್ಲಿ ಹೋಗುತ್ತಿದ್ದವರು ಬೇರೆ ಮಾವನ ಬೆನ್ನು ತಟ್ಟಿ, ಸರಿಯಾದ ಗಂಡಸನ್ನು ತಯಾರು ಮಾಡಿದ್ದೀರಿ ಎಂದು ಹೊಗಳಿದರು. ಯಾರೋ ಬಿಯರ್ ಕೊಟ್ಟರು. ಮಾವ ಅದನ್ನು ಟಯರ್ ಮೇಲಿಟ್ಟು, ರಾಯ್ಸ್ ಎಲ್ಲಿದ್ದಾನೆ, ನನ್ನನ್ನು ಕರಕೊಂಡು ಹೋಗು ಅಂದರು. ಸುಮ್ಮನಿರಿ ಎಂದು ನಾನೂ ಹೇಳಿದೆ. ಅವರು ಆಗಲೇ ಹೊರಟಿದ್ದರು, ಅದೂ ತಪ್ಪು ದಿಕ್ಕಿಗೆ. ನಾನು ತೋಳು ಹಿಡಿದುಕೊಂಡೆ.

ರಾಯ್ಸ್ ಚಿಕಿತ್ಸೆ ಕೋಣೆಯ ಮಂಚದ ಮೇಲೆ ಕೈಗೆ ಪಟ್ಟಿ ಕಟ್ಟಿಸಿಕೊಂಡು ಕೂತಿದ್ದ. ಆಶ್ಚರ್ಯವೆಂದರೆ ಅವನು ನಗುತ್ತಿದ್ದ.

“ಬನ್ನಿ ಯಜಮಾನ್ರೇ. ನಿಮ್ಮ ಅಳಿಯಂಗೆ ಹೇಳಿ, ಈ ಕೈ ಕೂಡ್ಕೊಳ್ಲಿ, ಮುಂದಿನ ಸರದಿ ನಂದು ಅಂತ.”

“ಅವ್ನಲ್ಲಪ್ಪ ಮಾಡಿದ್ದು,” ಅಂದರು ಮಾವ. “ನಾನು. ನಾನು ಕ್ಲಿಯರ್ ಅಂದೆ, ಅವ್ನು ಬಂದ.”

ಬಿಸಿಲಿನ ಹೊತ್ತು, ಯಾರಿಗಾದರೂ ಹಾಗಾಗುತ್ತದೆ ಎಂದು ರಾಯ್ಸ್ ದೊಡ್ಡ ಮನಸ್ಸು ಮಾಡಿದ. ಅಲ್ಲಿಗೇ ನಿಲ್ಲಿಸಬಹುದಿತ್ತು. ನಾನು ಮಾವನ ತೋಳು ಜಗ್ಗಿದೆ. ಅವರು ಕೊಡವಿಕೊಂಡರು.

“ಬಿಸಿಲಲ್ಲ. ಪೊರೆ. ಈಸ್ಟರ್ ಹೊತ್ತಿಂದ ಇದೆ, ಯಾರಿಗೂ ಹೇಳಿಲ್ಲ.”

ರಾಯ್ಸ್‌ನ ನಗು ಆರಿತು. “ನಾನಿದ್ದಿದ್ದು ಕಾಣ್ಲಿಲ್ವಾ?”

“ನೀನಿದ್ದೀಯೋ ಇಲ್ವೋ ಅನ್ನೋದೇ ಕಾಣ್ಲಿಲ್ಲ.”

“ಕಾಣ್ಲಿಲ್ಲ ಅಂದ್ರೆ ಸುಮ್ನಿರ್ಬೇಕಿತ್ತು. ಕ್ಲಿಯರ್ ಅಂತ ಯಾಕಂದ್ರಿ?”

ಮಾವ ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡರು.

“ಸುಮ್ನಿದ್ರೆ ಕಾಣಲ್ಲ ಅಂತ ಅವ್ನಿಗೆ ಗೊತ್ತಾಗ್ತಿತ್ತು.”

ಹೊರಗೆ ಇನ್ನೂ ಲ್ಯಾಂಡಿಸ್‌ನ ಹೆಸರು ಹಿಡಿದು ಕೂಗುತ್ತಿದ್ದರು. ರಾಯ್ಸ್ ತನ್ನ ಕೈಯನ್ನೇ ನೋಡುತ್ತ ಕೂತ. ಆ ಕೈಯಲ್ಲಿ ವೆಲ್ಡಿಂಗ್ ಟಾರ್ಚ್ ಹಿಡಿದು ಅವನು ಮನೆ ನಡೆಸಬೇಕು. ಕೊನೆಗೆ ಮಾತಾಡಿದಾಗ ಅವನ ದನಿಯಲ್ಲಿ ಸಿಟ್ಟಿರಲಿಲ್ಲ, ಇದ್ದಿದ್ದರೆ ಚೆನ್ನಾಗಿತ್ತು.

“ಲ್ಯಾಂಡಿಸ್ ಆಗಿದ್ರೆ ನಾನೂ ಒಂದು ಗುದ್ತಿದ್ದೆ, ಅಲ್ಲಿಗೆ ಮುಗೀತಿತ್ತು. ನಿಮ್ಮನ್ನ ನಾನೇನ್ ಮಾಡ್ಲಿ, ಯಜಮಾನ್ರೇ?”

ಮಾವ ಒಂದು ಹೆಜ್ಜೆ ಮುಂದೆ ಹೋಗಿ ಮುಖ ಒಡ್ಡಿ ನಿಂತರು. ಎಡಗೈಯಿಂದಾದರೂ ಒಂದೇಟು ಕೊಡಲಿ ಎಂದು ಕಾದರು. ರಾಯ್ಸ್ ಗೋಡೆಯ ಕಡೆ ಹೊರಳಿ ಮಲಗಿದ. ನರ್ಸ್ ಬಂದು ಹೊರಗೆ ನಡೆಯಿರಿ ಎಂದು ಎರಡು ಸಲ ಹೇಳಿದಳು. ಮಾವ ಕದಲಲಿಲ್ಲ.