ಕಿಚನ್ ಶೆಟ್ಟೆವ್ವಂದು

ಯಮಕನಮರಡಿಯ ಪಿಕಲ್‌ಬಾಲ್ ಕ್ಲಬ್ಬಿಗೆ ಶೆಟ್ಟೆವ್ವ ಬಂದದ್ದು ಆಡಾಕಲ್ಲ, ಜಗಳಾ ತಗ್ಯಾಕ. ಹೆದ್ದಾರಿ ಬಾಜೂಕ ಹಳೇ ಗೋದಾಮಿನ ಹಿಂದ ಒಂದು ಸಿಮೆಂಟಿನ ಅಂಗಳ ಐತಿ. ಗೋದಾಮು ಬಂದ್ ಆಗಿ ಯಾವ ಕಾಲ ಆತೋ ಏನೋ, ಆದ್ರ ಅಂಗಳ ಮಾತ್ರ ಊರ ಹೆಂಗಸರ ಕೈಯಾಗ ಉಳದಿತ್ತು. ಗೋವಿನಜೋಳ ಒಣಗಸಾಕ, ಶೇಂಗಾ ಹರವಾಕ, ಹಪ್ಪಳಾ ಹಾಕಾಕ, ಎಲ್ಲಾದಕ್ಕೂ ಅದ ಜಾಗಾ. ಒಂದಿನ ಮುಂಜಾನಿ ಶೆಟ್ಟೆವ್ವ ತಲಿಮ್ಯಾಲ ಜೋಳದ ಚೀಲಾ ಹೊತ್ತು ಬಂದು ನೋಡ್ತಾಳ, ಅಂಗಳದ ತುಂಬ ಬಿಳೀ ಗೆರಿ! ನಡುವ ವಾಲಿಬಾಲಿಗೆ ಕಟ್ಟಿದಂಗ ಒಂದು ಬಲಿ ಕಟ್ಟೇತಿ. ಬಾಜೂಕ ಸಾಲಿಯೊಳಗ ಪೀಟಿ ಕಲಿಸಿ ರಿಟಾಯರ್ ಆದ ಮಹಾಂತೇಶ ಮಾಸ್ತರ್ರು ಬಣ್ಣದ ಬ್ರಶ್ ಹಿಡಕೊಂಡು, ಕ್ವಾಟಿ ಗೆದ್ದವರಂಗ ನಿಂತಾರ.

"ಯಾರ್ರಿ ಇಲ್ಲಿ ಗೆರಿ ಹೊಡದಾವರು? ನಮ್ಮ ಜೋಳ ಏನು ನಿಮ್ಮ ನೆತ್ತಿಮ್ಯಾಲ ಹರವೂಣೇನು?"

ಶೆಟ್ಟೆವ್ವನ ಬಾಯಿ ಅಂದ್ರ ಅಂಥಾದ್ದು. ಕುರಿ ಕಾಯೂ ಮನಿಯಾಕಿ, ನಾಕು ಹೊಲದ ಆಚೆ ಇದ್ದ ಗಂಡನ್ನ ಇಲ್ಲೇ ನಿಂತು ಕೂಗಿ ಕರದು ರೂಢಿ. ಮಾಸ್ತರ್ರು ಒಂದು ಹೆಜ್ಜಿ ಹಿಂದ ಸರದ್ರು. ಆದ್ರ ಜಲ್ಮವೆಲ್ಲಾ ಉಡಾಳ ಹುಡುಗರನ್ನ ಸಂಭಾಳಿಸಿದ ಮನಶ್ಯಾ ನೋಡ್ರಿ, ಬುದ್ಧಿ ಓಡಸಿದ್ರು. ಅಗಲಾದ ಹಲಗಿಯಂಥಾ ಬ್ಯಾಟ್ ಒಂದನ್ನ ಆಕಿ ಕೈಗೆ ಕೊಟ್ಟು, "ಬೈಯೂದು ಆಮ್ಯಾಲ ಬೈಯವಾ. ಮದ್ಲ ಇದನ್ನೊಮ್ಮೆ ಹೊಡಿ" ಅಂತ ಮೈತುಂಬ ತೂತಿದ್ದ ಪ್ಲಾಸ್ಟಿಕ್ ಚೆಂಡು ಎಸದ್ರು.

ಸಿಟ್ಟಿನಾಗ ಇದ್ದಾಕಿ ಹೊಡದ್ಲು ನೋಡ್ರಿ, ಚೆಂಡು ಕಂಪೌಂಡ್ ದಾಟಿ ಹೋತು. ಶೆಟ್ಟೆವ್ವ ಅದು ಹೋದ ದಿಕ್ಕ ನೋಡಿಕೋತ ನಿಂತ್ಲು. ಹುಟ್ಟಿದಾಗಿಂದ ಆಕಿ ಕೈ ಎತ್ತಿದ್ದೆಲ್ಲಾ ಕೆಲಸಕ್ಕ. ಕಳೇವು ಕೀಳಾಕ, ಕಟಗಿ ಒಡ್ಯಾಕ, ಕುರಿ ಹೊಡ್ಯಾಕ. ಸುಮ್ನ ಖುಶಿಗೆ ಅಂತ ಕೈ ಎತ್ತಿದ್ದು ಇದ ಮದ್ಲು. ಮೈಯಾಗ ಏನೋ ಹಗುರ ಆದಂಗಾತು, ಆಕಿಗೆ ನಗು ತಡ್ಯಾಕ ಆಗಲಿಲ್ಲ.

"ಇನ್ನೊಂದು ಕೊಡ್ರಿ" ಅಂದ್ಲು.

ಮುಂಜಾನಿ ಆಟಾ, ಬಿಸಲೇರಿದ ಮ್ಯಾಲ ಜೋಳಾ ಅಂತ ಇಬ್ಬರಾಗ ರಾಜಿ ಆತು. ಮರುದಿನ ಕಿರಾಣಿ ಅಂಗಡಿ ಅನ್ನಪೂರ್ಣಾ ಬಂದ್ಲು. ಆಕಿ ಬೆನ್ನ ಹತ್ತಿ ಯಲ್ಲಕ್ಕ, ಯಲ್ಲಕ್ಕನ ಬೆನ್ನ ಹತ್ತಿ ಕಾಜಲ್. ಮುಂಜಾನಿ ಎದ್ದು ಅಂಗಳ ಕಸಾ ಹೊಡಿಯೂದು, ಬಲಿ ಕಟ್ಟೂದು, ಹರದ್ರ ಹೊಲಿಯೂದು, ಆಟಾ ಮುಗದ ಮ್ಯಾಲ ಬಿಚ್ಚಿ ಮಡಚಿ ಇಡೂದು, ಹೊಸದಾಗಿ ಬಂದವರಿಗೆ ಬ್ಯಾಟ್ ಹಿಡಿಯೂದು ಕಲಸೂದು, ಎಲ್ಲಾ ಇವರ ಮಾಡವರು. ಕ್ಲಬ್ ನಡಸೂದು ಅಂದ್ರ ಮತ್ತೇನ್ರಿ? ಇದ ಅಲ್ಲೇನು?

ಅದ್ಯಾವಾಗ ಗಂಡಸರ ಕಣ್ಣಿಗೆ ಬಿತ್ತೋ! ಪೇಟಿ ಅಂಗಡಿಯವರು ಬಂದ್ರು, ಲಾರಿ ಮಂದಿ ಬಂದ್ರು, ಅವರ ಹಿಂದ ಭೀಮೇಶ ಬಂದಾ. ಭೀಮೇಶಂದು ಎರಡು ಲಾರಿ, ಅವು ನಿಲ್ಲೂದು ಅದ ಗೋದಾಮಿನ ಹಾದ್ಯಾಗ. ಛಲೋ ಬ್ಯಾಟ್ ತಂದ್ಕೊಟ್ಟಾ, ಗೇಟಿಗೆ ಕೀಲಿ ಹಾಕಿಸಿದಾ. ಅವನ್ನ ಅಧ್ಯಕ್ಷ ಅಂತ ಯಾರು ಮಾಡಿದ್ರೋ ದೇವರಿಗೇ ಗೊತ್ತು, ಒಂದಿನ ನೋಡಿದ್ರ ಗೇಟಿನ ಮ್ಯಾಲ ಇಷ್ಟೆತ್ತರ ಬೋರ್ಡ್, ಬೋರ್ಡಿನ ತುಂಬ ಕೈ ಮುಗದ ಭೀಮೇಶನ ಫೋಟೋ. ಕಸಾ ಹೊಡದವರು ಯಾರು, ಫೋಟೋ ಯಾರ್ದು! ಶೆಟ್ಟೆವ್ವ ಅದನ್ನ ನೋಡಿ ಮಾರಿ ತಿರವಿ, ಬಲಿ ಕಟ್ಟಾಕ ಹೋದ್ಲು. ಮುಂಜಾನಿ ಆಟಾ ಸಿಕ್ರ ಆಕಿಗೆ ಸಾಕಾಗಿತ್ತು.

ಆಟದಾಗ ಒಂದು ಕಾಯ್ದೆ ಐತಿ, ಅದನ್ನ ಹೇಳದಿದ್ರ ಮುಂದಿನ ಕತಿ ತಿಳಿಯೂದಿಲ್ಲ. ಬಲಿಯ ಎರಡೂ ಬಾಜೂ ಒಂದೊಂದು ಪಟ್ಟಿ ಜಾಗಾ ಬಿಟ್ಟಿರ್ತಾರ, ಗೆರಿ ಹೊಡದು. ಅದಕ್ಕ ಕಿಚನ್ ಅಂತ ಹೆಸರು. ಚೆಂಡು ನೆಲಕ್ಕ ಬಿದ್ದು ಪುಟ ಎದ್ದ ಮ್ಯಾಲ ಆದ್ರ ಒಳಗ ಹೋಗಿ ಹೊಡಿ, ಯಾರೂ ಕೇಳೂದಿಲ್ಲ. ಗಾಳ್ಯಾಗ ಇದ್ದಾಗನ ಹೊಡಿಯೂದಾದ್ರ ಮಾತ್ರ ಆ ಗೆರೀನೂ ತುಳಿಯಂಗಿಲ್ಲ. ಹೆಬ್ಬೆರಳ ತುದಿ ತಾಕಿದ್ರೂ ಪಾಯಿಂಟ್ ಎದುರಿನವರಿಗೆ. ಶೆಟ್ಟೆವ್ವಗ ಈ ಕಾಯ್ದೆ ಭಾಳ ಮನಸಿಗೆ ಹಿಡಸಿತ್ತು. ಯಾರ ಕಾಲು ಗೆರಿ ತಾಕಿದ್ರೂ "ಕಿಚನ್!" ಅಂತ ಕೂಗಾಕಿ. ಮಾಸ್ತರ್ರಿಗೂ ಬಿಡತಿದ್ದಿಲ್ಲ.

ಹಿಂಗಿರಬೇಕಾದ್ರ ಗೋಕಾಕ, ಮೂಡಲಗಿ, ಹುಕ್ಕೇರಿ ಮೂರೂ ಊರಿನ ಕ್ಲಬ್ಬಿನವರು ಯಮಕನಮರಡಿಗೆ ಪಂದ್ಯಕ್ಕ ಬರತಾರ ಅಂತ ಗೊತ್ತಾತು. ಹೆಂಗಸರು ತಮ್ದೂ ಒಂದು ಜೋಡಿ ಇಳಸೂಣು ಅಂದ್ರ ಭೀಮೇಶ, "ಮುಂದಿನ ಸಲಾ ನೋಡೂಣು ಬಿಡ್ರಿ" ಅಂದಾ. ಆದ್ರ ಶನಿವಾರ ಸಂಜಿಕೆ ತಾನಾಗೇ ಶೆಟ್ಟೆವ್ವನ ಮನಿಮಟಾ ಬಂದಾ.

"ಕಾಕೂ, ನಾಳೆ ಕಿಚನ್ ಜವಾಬ್ದಾರಿ ನಿನ್ನ ಮ್ಯಾಲ. ನೀ ಇದ್ರ ನನಗ ಚಿಂತಿ ಇಲ್ಲ. ಒಂದೂ ತಪ್ಪಾಗಬಾರದು ನೋಡು, ಊರ ಮರ್ಯಾದಿ ಪ್ರಶ್ನೆ."

ಶೆಟ್ಟೆವ್ವ ಉಬ್ಬಿ ಹೋದ್ಲು. ಆಡಾಕ ಕೊಡದಿದ್ರೇನಾತು, ಗೆರಿ ಕಾಯೂ ಪಂಚರ ಕೆಲಸಾ, ಅಂಪೈರ್ ಕೆಲಸಾ, ಕೊಟ್ನಲ್ಲ! ಓಣಿಗೆಲ್ಲಾ ಹೇಳಕೊಂಡು ಬಂದ್ಲು. ಗಂಡ ಬೀರಸಿದ್ದಪ್ಪ ಕುರಿ ಹಟ್ಟಿಯಿಂದ ಬಂದು ಕೈಕಾಲು ತೊಳಕೊಳ್ಳಾಕತ್ತಿದ್ದಾ, ಅವಗೂ ಹೇಳಿದ್ಲು.

"ಅಂದ್ರ ನೀ ಹೇಳಿದ್ದ ಖರೆ, ಬ್ಯಾರೆ ಮಂದಿ ಬಾಯಿ ಮುಚಗೊಂಡು ಕೇಳಬೇಕು?" ಅಂದಾ ಬೀರಸಿದ್ದಪ್ಪ.

"ಹೌದು ಮತ್ತ!"

"ಅದು ಮನ್ಯಾಗೂ ಹಂಗ ಐತಲ್ಲ" ಅಂತ ಆಂವ ಟಾವೆಲ್ಲಿನಾಗ ಮಾರಿ ಮುಚ್ಚಿಕೊಂಡು ನಕ್ಕಾ.

ರವಿವಾರ ಮುಂಜಾನಿ ಶೆಟ್ಟೆವ್ವ ಹೊಸಾ ಇಳಕಲ್ ಸೀರಿ ಉಟ್ಟು, ಕಚ್ಚಿ ಹಾಕಿ, ಎಣ್ಣಿ ಹಚ್ಚಿ ತಲಿ ಬಾಚಕೊಂಡು ಹೋದ್ಲು. ಗೇಟಿನ ಒಳಗ ಕಾಲಿಟ್ಟಾಕಿನ ನಿಂತ್ಲು. ಕಂಪೌಂಡಿನ ಮೂಲ್ಯಾಗ ದೊಡ್ಡ ಗ್ಯಾಸಿನ ಒಲಿ, ನಾಕು ಬೋಗಾಣಿ, ರವಾದ ಚೀಲಾ, ಒಂದು ಬುಟ್ಟಿ ಬದನಿಕಾಯಿ. ಅನ್ನಪೂರ್ಣಾ, ಯಲ್ಲಕ್ಕ, ಕಾಜಲ್ ಮೂವರೂ ಆಗಲೇ ಉಳ್ಳಾಗಡ್ಡಿ ಹೆಚ್ಚಾಕತ್ತಿದ್ರು.

"ಏನ್ ಕಾಕೂ, ಇಷ್ಟ ತಡಾ ಮಾಡೀದಿ?" ಅಂತ ಭೀಮೇಶ ಬಂದಾ. "ಈಗ ಉಪ್ಪಿಟ್ಟು ಚಾ ಆಗಬೇಕು. ಮಧ್ಯಾಹ್ನಕ್ಕ ರೊಟ್ಟಿ, ಎಣಗಾಯಿ, ಶಿರಾ. ಗೋಕಾಕದವರು ಬರೂ ಹೊತ್ತಾತು, ಹೂಂ, ಸೀರಿ ಮ್ಯಾಲಕ್ಕ ಕಟ್ಟು."

"ನಾ ಆ ಕಿಚನ್ ಅನಕೊಂಡಿದ್ದೆ" ಅಂತ ಶೆಟ್ಟೆವ್ವ ಬಲಿಯ ಕಡೆ ಕೈ ಮಾಡಿದ್ಲು.

ಭೀಮೇಶಗ ಒಂದು ಗಳಿಗಿ ತಿಳೀಲಿಲ್ಲ. ತಿಳದ ಮ್ಯಾಲ ಹೊಟ್ಟಿ ಹಿಡಕೊಂಡು ನಕ್ಕಾ. ತಾ ನಕ್ಕದ್ದು ಸಾಲದು ಅಂತ ಉಳದವರನ್ನೂ ಕರದು ಹೇಳಿದಾ, "ಏ ಬರ್ರಿಲ್ಲಿ, ಕೇಳ್ರಿ! ಕಾಕೂ ಪಂಚರಾಗಾಕ ಬಂದಾಳಂತ, ಪಂಚರು!" ಅಂಗಡಿಯವರು ನಕ್ರು, ಲಾರಿಯವರು ನಕ್ರು. ಶೆಟ್ಟೆವ್ವನ ಕಿವಿಮಟಾ ಮೈ ಉರದು ಹೋತು. ಓಣಿಗೆಲ್ಲಾ ಹೇಳಿ ಬಂದದ್ದು ನೆನಪಾಗಿ ಕಣ್ಣಾಗ ನೀರೂ ಬಂತು, ಅದನ್ನ ಅಲ್ಲೇ ನುಂಗಿದ್ಲು. ಇಂಥಾವರ ಮುಂದ ಅಳಬೇಕೇನು? ಥೂ!

"ಅಡಗಿ ನಾ ಮಾಡೂದಿಲ್ಲ" ಅಂದ್ಲು.

ನಗು ನಿಂತು ಹೋತು. ಭೀಮೇಶ ಹಂತೇಲಿ ಬಂದು ಸಣ್ಣ ದನಿಯಾಗ ಅಂದಾ, "ಕಾಕೂ, ಬಂದ ಮಂದಿ ಮುಂದ ನನ್ನ ಮಾನಾ ಕಳದೀಯೋ, ನಾಳಿಂದ ನಿಮಗ ಗೇಟ್ ತಗ್ಯೂದಿಲ್ಲ. ಕೀಲಿ ನನ್ನ ಕಿಸೇದಾಗ ಐತಿ, ನೆನಪಿಟ್ಕೋ."

ಅನ್ನಪೂರ್ಣಾ ಸೆರಗು ಹಿಡದು ಜಗ್ಗಿದ್ಲು. "ಯಕ್ಕಾ, ಒಂದಿನದ ಮಾತು, ಮಾಡಿ ಬಿಡೂಣು. ದಿನಾ ಅಂಗಡ್ಯಾಗ ಕುಂತು ಕುಂತು ನನಗ ತಲಿ ಕೆಡತೈತಿ. ಮುಂಜಾನಿ ಇದೊಂದು ಆಟಾ ಹೋತಂದ್ರ ನಾ ಹುಚ್ಚಿ ಆಗತೇನಿ."

ಶೆಟ್ಟೆವ್ವಗೇನು ಬ್ಯಾರೆ ಐತೇನು? ಆಕೀಗೂ ಅದ ಆಟಾ, ಅದ ಮುಂಜಾನಿ. ಆದ್ರೂ ಹೇಳಿದ್ಲು, "ಇವತ್ತ ಮಾಡಿದ್ರ ಮುಂದಿನ ಸಲಾನೂ ನಾವ. ಅದರ ಮುಂದಿನ ಸಲಾನೂ ನಾವ. ಆಟಾ ಯಾವಾಗ ಆಡತಿ ಅನ್ನಪೂರ್ಣಾ? ಉಳ್ಳಾಗಡ್ಡಿ ಹೆಚ್ಚಿದ ಮ್ಯಾಲೇನು?"

ಅಂದಾಕಿ, ಊರಿಗೆ ಬರೂ ಪಾವಣ್ಯಾರಿಗೆ ಅಂತ ಹಾಕಿದ್ದ ಖುರ್ಚಿ ಒಂದನ್ನ ಎತ್ತಿಕೊಂಡು ಹೋಗಿ, ಬಲಿಯ ಬಾಜೂಕ, ಎರಡೂ ಕಡೆ ಕಿಚನ್ ಗೆರಿ ಕಾಣೂವಂಗ ಇಟ್ಟು ಕುಂತ್ಲು. ಗೋಕಾಕದ ಮಂದಿ ಅದ ಹೊತ್ತಿಗೆ ಗಾಡಿ ಇಳದು ಒಳಗ ಬರಾಕತ್ತಿದ್ರು. ಪಾಯಿಂಟ್ ಎಣಸೂ ಕೆಲಸಾ ಮಹಾಂತೇಶ ಮಾಸ್ತರ್ರದು. ಅವರು ಬೆವರು ಒರಸಿಕೊಂತ ಬಂದ್ರು.

"ಮಾಸ್ತರ್ರ, ಕಿಚನ್ ನೋಡಾಕ ಯಾರನ್ನ ಇಟ್ಟೀರಿ?"

"ಯಾರನ್ನೂ ಇಟ್ಟಿಲ್ಲವಾ."

"ಈಗ ಇಟ್ರಿ."

ಗೋಕಾಕದ ಜೋಡಿಯೊಳಗ ರಾಜಪ್ಪ ಅಂತ ಹಿರಿಯಾರೊಬ್ಬರು, "ಛಲೋ ಆತು ಬಿಡ್ರಿ, ಗೆರಿ ನೋಡಾಕ ಒಬ್ಬರು ಬೇಕ ಬೇಕು" ಅಂದ್ರು. ಪಾವಣ್ಯಾರ ಮುಂದ ಭೀಮೇಶ ಒದರ್ಯಾಡುವಂಗಿಲ್ಲ. ಹಲ್ಲ ಕಡಕೋತ ಬ್ಯಾಟ್ ಹಿಡಕೊಂಡು ಹೋದಾ.

ಶೆಟ್ಟೆವ್ವ ಕಣ್ಣ ಮಿಟಕಸದ ಕುಂತ್ಲು. ಮೂಡಲಗಿಯವನ ಬೂಟು ಗೆರಿ ತಾಕಿತು, "ಕಿಚನ್!" ಅಂದ್ಲು. ಅಂವ ನೆಲಾ ನೋಡಿ ಕೈ ಎತ್ತಿ ಒಪ್ಪಿದಾ. ಹುಕ್ಕೇರಿಯವನೂ ಒಪ್ಪಿದಾ, ಸ್ವತಃ ರಾಜಪ್ಪನೂ "ಖರೆ ಐತವಾ" ಅಂತ ಚೆಂಡು ಬಿಟ್ಟು ಕೊಟ್ರು. ಅತ್ತ ಅನ್ನಪೂರ್ಣಾ ಒಲಿ ಹಚ್ಚಿ ರವಾ ಹುರಿಯಾಕ ನಿಂತಿದ್ಲು, ಆದ್ರ ಚಿತ್ತೆಲ್ಲಾ ಇತ್ತಾಗ.

ಕಡೀ ಪಂದ್ಯ ಗೋಕಾಕದವರಿಗೂ ಯಮಕನಮರಡಿಯವರಿಗೂ ಬಿತ್ತು. ಊರಿನ ಕಡಿಯಿಂದ ಆಡಾಂವ ಸ್ವತಃ ಭೀಮೇಶ. ಹನ್ನೊಂದಕ್ಕ ಆಟಾ ಮುಗೀತೈತಿ. ಗೋಕಾಕ ಹತ್ತು, ನಮ್ಮವರು ಒಂಬತ್ತು, ಸರ್ವಿಸ್ ಗೋಕಾಕದವರದು. ಚೆಂಡು ನಾಕೈದು ಸಲಾ ಆಕಡೆ ಈಕಡೆ ಹೋಗಿ ಬಂತು. ಆಮ್ಯಾಲ ಒಂದು ಚೆಂಡು ಬಲಿ ಹಂತೇಲಿ ಎತ್ತರಕ್ಕ ಎದ್ದಿತು. ಭೀಮೇಶ ಓಡಿ ಬಂದು ಗಾಳ್ಯಾಗ ಇದ್ದಾಗನ ಹೊಡದಾ ನೋಡ್ರಿ, ರಾಜಪ್ಪಗ ಬ್ಯಾಟ್ ಎತ್ತಾಕೂ ಆಗಲಿಲ್ಲ. ಮಂದಿ ಸಿಳ್ಳಿ ಹೊಡದ್ರು, ಟೋಪಿ ಹಾರಿಸಿದ್ರು. ಭೀಮೇಶ ಎರಡೂ ಕೈ ಎತ್ತಿ ತಿರಗ್ಯಾಡಿದಾ.

ಅವನ ಎಡಗಾಲಿನ ಬೂಟಿನ ತುದಿ ಗೆರಿಮ್ಯಾಲ ಬಿದ್ದದ್ದನ್ನ ಶೆಟ್ಟೆವ್ವ ನೋಡಿದ್ಲು. ಮತ್ತ ಯಾರೂ ನೋಡಿರಲಿಲ್ಲ. ಸುಮ್ಮಿದ್ರ ಊರು ಪಂದ್ಯದಾಗ ಉಳೀತೈತಿ. ಭೀಮೇಶ ಗೆದ್ರ ಆ ಖುಶಿಯಾಗ ಎಲ್ಲಾ ಮರತು ಬಿಡತಾನ, ನಾಳೆ ಗೇಟೂ ತಗೀತೈತಿ. ಬಾಯಿ ಮುಚಗೊಂಡು ಕುಂತ್ರ ಸಾಕು, ಅಷ್ಟ. ಆದ್ರ ಜಲ್ಮದಾಗ ಬಾಯಿ ಮುಚಗೊಂಡು ಏನು ಸಿಕ್ಕೈತಿ ಆಕಿಗೆ?

ಖುರ್ಚಿ ಬಿಟ್ಟು ಎದ್ಲು. "ಕಿಚನ್!"

ಸಿಳ್ಳಿ ಹೊಡಿಯೂ ಮಂದಿ ಎಲ್ಲಾ ಈಕಡೆ ತಿರುಗಿ ನೋಡಿದ್ರು.

"ಯಾವ ಕಿಚನ್?" ಭೀಮೇಶನ ಮಾರಿ ಕೆಂಪಾತು. "ಕಾಕೂ, ನೆಟ್ಟಗ ನೋಡಿ ಹೇಳು. ನೀ ನಮ್ಮೂರಾಕಿ!"

"ನಮ್ಮೂರಾಕೀನ ಅದೇನಿ. ತುಳದಾಂವ ನಮ್ಮೂರಾಂವ ಅಂತ ಗೆರಿ ಸರದು ಕುಂತಿಲ್ಲಲ್ಲ."

ರಾಜಪ್ಪ ಭಾಳ ಒಳ್ಳೆ ಮನಶ್ಯಾ, ನಡುವ ಬಂದು, "ಹೋಗ್ಲಿ ಬಿಡ್ರಿ, ಇದೊಂದು ಪಾಯಿಂಟ್ ಇನ್ನೊಮ್ಮೆ ಆಡೂಣು" ಅಂದ್ರು.

"ಇನ್ನೊಮ್ಮೆ ಇಲ್ರಿ, ಅಣ್ಣಾರ. ನಿಮ್ಮ ಕಾಲು ತಾಕಿದಾಗ ಇನ್ನೊಮ್ಮೆ ಆಡಿದ್ರೇನು?" ಶೆಟ್ಟೆವ್ವ ಭೀಮೇಶನ ಕಡೆ ಕೈ ಮಾಡಿದ್ಲು. "ಕಿಚನ್ ಜವಾಬ್ದಾರಿ ನಿಂದು ಅಂತ ನನ್ನ ಮನಿಗೆ ಬಂದು ಹೇಳಿದ್ದು ಇವನ. ಒಂದೂ ತಪ್ಪಾಗಬಾರದು, ಊರ ಮರ್ಯಾದಿ ಅಂದದ್ದೂ ಇವನ. ಹಂಗಾದ್ರ ಈ ಕಿಚನ್ನಾಗ ಯಾರ ಕಾಲು ಬಿತ್ತು ಅನ್ನೂದು ನಾ ಹೇಳಬೇಕು, ಇಂವ ಕೇಳಬೇಕು."

ಎಲ್ಲಾರೂ ಮಾಸ್ತರ್ರ ಮಾರಿ ನೋಡಿದ್ರು. ಮಾಸ್ತರ್ರು ಬೋರ್ಡಿನ ಕಡೆ ನೋಡಿದ್ರು, ಭೀಮೇಶನ ಕಡೆ ನೋಡಿದ್ರು, ಕಡೀಕ ತಾವ ಹೊಡದ ಗೆರಿ ನೋಡಿ, "ಗೋಕಾಕ, ಹನ್ನೊಂದು. ಆಟಾ ಮುಗೀತು" ಅಂದ್ರು.

ಭೀಮೇಶ ಬ್ಯಾಟ್ ನೆಲಕ್ಕ ಒಗದಾ. ಪಾವಣ್ಯಾರು ಅನ್ನೂದು ಮರತು, ಊರು ಕೇಳೂವಂಗ ಒದರಿದಾ, "ನಾಳಿಂದ ಈ ಅಂಗಳದಾಗ ಒಬ್ಬ ಹೆಂಗಸೂ ಕಾಲಿಡಬಾರದು! ಕೀಲಿ ಹಾಕತೇನಿ!"

"ಹಾಕಪಾ, ಹಾಕು" ಅಂದ್ಲು ಶೆಟ್ಟೆವ್ವ. "ನೀ ಗೇಟಿಗೆ ಕೀಲಿ ಹಾಕು, ನಾವು ಗೇಟಿನ ಮುಂದ ಹಾದ್ಯಾಗ ಗೆರಿ ಹೊಡದು ಆಡತೇವಿ. ನಿನ್ನ ಲಾರಿ ಹೆಂಗ ಹೊರಗ ಬರತಾವ ನೋಡೇಬಿಡೂಣು."

ಮಂದ್ಯಾಗ ಯಾರೋ ಕಿಸಕ್ಕಂತ ನಕ್ರು. ಈ ಸಲಾ ನಗು ಆಕಿ ಮ್ಯಾಲ ಇರಲಿಲ್ಲ. ಶೆಟ್ಟೆವ್ವ ಬಗ್ಗಿ, ಭೀಮೇಶ ಒಗದ ಬ್ಯಾಟನ್ನ ಎತ್ತಿಕೊಂಡ್ಲು. ಸೆರಗು ಸೊಂಟಕ್ಕ ಸಿಗಸಿ ಮೂಲಿ ಕಡೆ ತಿರುಗಿ ಕೂಗಿದ್ಲು, "ಏ ಅನ್ನಪೂರ್ಣಾ! ಬರತೀಯೋ ಇಲ್ಲೋ?"

ಅನ್ನಪೂರ್ಣಾ ಕೈಯಾಗಿನ ಸೌಟು ನೋಡಿದ್ಲು, ಒಲಿ ನೋಡಿದ್ಲು. ಗ್ಯಾಸ್ ಬಂದ್ ಮಾಡಿ, ಕೈ ಸೀರಿಗೆ ಒರಸಿಕೊಂತ ಓಡಿ ಬಂದ್ಲು. ಯಲ್ಲಕ್ಕ ಬಂದ್ಲು, ಕಾಜಲ್ ಬಂದ್ಲು. ನಾಕೂ ಮಂದಿ ಅಂಗಳದಾಗ ಆಕಡೆ ಇಬ್ಬರು ಈಕಡೆ ಇಬ್ಬರು ನಿಂತ್ರು. ರಾಜಪ್ಪ ನಗಾಕತ್ತಿದ್ರು, ತಾವ ಸರದು ಜಾಗಾ ಬಿಟ್ಟು, ಚೆಂಡು ಹೆಕ್ಕಿ ಶೆಟ್ಟೆವ್ವನ ಕೈಗೆ ಕೊಟ್ರು.

"ಮತ್ತ ಇಷ್ಟು ಮಂದಿಗೆ ಊಟಾ?" ಭೀಮೇಶನ ದನಿ ಈಗ ಇಳದು ಹೋಗಿತ್ತು.

"ಒಲಿ ಅಲ್ಲೈತಿ, ಬದನಿಕಾಯಿ ಅಲ್ಲದಾವು. ಆ ಕಿಚನ್ ನೀವು ನೋಡ್ಕೋರಿ, ಇದನ್ನ ನಾವು ನೋಡ್ಕೋತೇವಿ" ಅಂದಾಕಿನ ಶೆಟ್ಟೆವ್ವ ಚೆಂಡು ಬಿಟ್ಟು ಹೊಡದ್ಲು.