ಸರಪಳಿ ಇಳಿದ ಹೊತ್ತು

“ಹದಿನಾಲ್ಕು ಜನ. ಹದಿನೈದು ಅಂತ ಬಾಯಿ ತಪ್ಪಿಯೂ ಬರ್ಬಾರ್ದು,” ಎಂದು ಜಾಯ್ಸನ್, ವಕೀಲರ ಆಫೀಸಿನ ಬಾಗಿಲಲ್ಲಿ, ಇನ್ನೊಮ್ಮೆ ಪಿಸುಗುಟ್ಟಿದ. “ಮತ್ತೆ ಲಂಗರು ಹಾಕಿದ ಶಬ್ದ ಕೇಳ್ಲಿಲ್ಲ. ನೀವು ಅಡುಗೆಯವರು ದೇಜಪ್ಪಣ್ಣ, ನಿಮ್ಗೆ ಎಂತ ಗೊತ್ತುಂಟು? ಅಷ್ಟೇ. ಖಲಾಸ್.”

ದೇಜಪ್ಪ ತಲೆಯಾಡಿಸಿದ. ಜಾಯ್ಸನ್ ಹಡಗಿನ ಕಂಪನಿಯ ಮಸ್ಕತ್ ಆಫೀಸಿನವ. ಮಂಗಳೂರಿನವನೇ, ಕೆಟ್ಟವನಲ್ಲ, ಆದರೆ ಅನ್ನ ಹಾಕುವವರ ಹಾಡು ಹಾಡಬೇಕಲ್ಲ. ಒಮಾನಿನ ಸೊಹಾರಿನಿಂದ ಸುಣ್ಣಕಲ್ಲು ತುಂಬಿಕೊಂಡು ಮಂಗಳೂರಿಗೆ ಹೊರಟಿದ್ದ ಹಡಗನ್ನು ಬಂದೂಕಿನವರು ಹಿಡಿದು ನಾಲ್ಕು ತಿಂಗಳಾಗಿತ್ತು. ಮರುದಿನವೇ ಜನರನ್ನೆಲ್ಲ ಇಳಿಸಿ ದಡದ ಗೋದಾಮಿನಲ್ಲಿ ಕೂಡಿಹಾಕಿದ್ದವರು, ಕಳೆದ ವಾರ ಜನರನ್ನಷ್ಟೇ ಬಿಟ್ಟುಕೊಟ್ಟಿದ್ದರು. ಹಡಗು ಇನ್ನೂ ಅವರ ಕೈಯಲ್ಲೇ ಇತ್ತು. ಈಗ ಜಗಳ ಕಂಪನಿಗೂ ವಿಮೆಯವರಿಗೂ. ಹಡಗು ಸಿಕ್ಕಿಬಿದ್ದದ್ದು ನಡುಸಮುದ್ರದಲ್ಲೋ, ಇಲ್ಲ ದಾರಿ ಉಳಿಸಲು ಹೋಗಿ ಕ್ಯಾಪ್ಟನ್ ಪರರ ದಡದ ನೀರಿಗೆ ನುಗ್ಗಿದ್ದನೋ? ಹಿಡಿದ ದಿನವೇ ಲಂಗರು ತಳ ಮುಟ್ಟಿದ್ದರೆ ದಡದ ನೀರೆಂದೇ ಲೆಕ್ಕ, ಕಂಪನಿಗೆ ವಿಮೆಯ ಹಣವಿಲ್ಲ. ಅದಕ್ಕಾಗಿ ಒಬ್ಬೊಬ್ಬರನ್ನೇ ಕೂರಿಸಿ ಹೇಳಿಕೆ ಬರೆದುಕೊಳ್ಳುತ್ತಿದ್ದರು. ಹೇಳಿಕೆ ಮುಗಿಸಿದವನಿಗೆ ಊರಿನ ಟಿಕೇಟು. ಈಗ ಒಳಗೆ ಕೂತಿದ್ದವನನ್ನು ಬಿಟ್ಟರೆ ಉಳಿದಿದ್ದವ ದೇಜಪ್ಪನೊಬ್ಬನೇ.

ಹದಿನೈದನೆಯವ ಲಕ್ಷಿತ್, ದೇಜಪ್ಪನ ಅಕ್ಕ ಸುಂದರಿಯ ಮಗ. ಬರ್ಕಾ ಪಟ್ಟಣದ ಅಂಗಡಿಯೊಂದರಲ್ಲಿ ಏಳು ವರ್ಷ ದುಡಿದಿದ್ದ. ಅವನಿಗೆ ವೀಸಾ ಕೊಟ್ಟು ಕರೆಸಿದ್ದ ಮಾಲೀಕ, ಕಫೀಲ್, ಅಂಗಡಿ ಮುಚ್ಚಿ, ಪಾಸ್‌ಪೋರ್ಟನ್ನೂ ಕೊಡದೆ ತಲೆಮರೆಸಿಕೊಂಡ. “ಹೇಗೂ ನಿಮ್ಮ ಹಡಗು ಮಂಗಳೂರಿಗೇ ಹೋಗ್ತದಲ್ಲ ಮಾವ,” ಎಂದು ಲಕ್ಷಿತ್ ಕೇಳಿಕೊಂಡಾಗ, ದೇಜಪ್ಪ ಕ್ಯಾಪ್ಟನ್ ಕಾಲು ಹಿಡಿದು, ಪಟ್ಟಿಯಲ್ಲಿ ಹೆಸರಿಲ್ಲದೆ ಹತ್ತಿಸಿಕೊಂಡಿದ್ದ. ತುಳುವರ ಮನೆಯಲ್ಲಿ ಅಕ್ಕನ ಮಗನೆಂದರೆ ಸ್ವಂತ ಮಗನಿಗಿಂತ ಒಂದು ಹಿಡಿ ಹೆಚ್ಚು. ಬಂದೂಕಿನವರು ಬಂದ ಬೆಳಿಗ್ಗೆಯಿಂದ ಅವನು ಕಾಣಲಿಲ್ಲ. ಸಮುದ್ರಕ್ಕೆ ಹಾರಿದ, ಈಜಿ ಎಲ್ಲೋ ಬದುಕಿಕೊಂಡಾನು ಎಂದು ಹಡಗಿನವರೆಲ್ಲ ನಂಬಿದ್ದರು. ಹಾಗೆ ಹೇಳಿದ್ದು ದೇಜಪ್ಪನೇ.

ಆ ದಿನ ಬೆಳಿಗ್ಗೆ ಮಸ್ಕತ್ತಿನ ವಾದಿ ಕಬೀರ್ ಬಡಾವಣೆಯ ರೂಮಿಗೆ ಸುಂದರಿಯ ಫೋನ್ ಬಂದಿತ್ತು. ಊರಲ್ಲಿ ಆಟಿ ತಿಂಗಳು. ಮನೆಯಲ್ಲಿ ತೀರಿಹೋದವರಿಗೆಲ್ಲ ಎಲೆ ಹಾಕಿ ಬಡಿಸುವ ದಿನ.

“ದೇಜು, ಒಂದೇ ಮಾತು ಹೇಳು. ಅಪ್ಪನಿಗೆ, ಅಮ್ಮನಿಗೆ, ಇವರಿಗೆ, ಒಟ್ಟು ಮೂರು ಎಲೆ. ಲಕ್ಷಿತನದ್ದು ಹಾಕ್ಬೇಕಾ, ಬೇಡ್ವಾ? ಬದುಕಿದ್ದವನಿಗೆ ಹಾಕಿದ್ರೆ ಹೆತ್ತವಳೇ ಕೊಂದ ಹಾಗೆ. ಇಲ್ಲದವನಿಗೆ ಹಾಕದಿದ್ರೆ ಹಸಿದುಕೊಂಡು ಬಾಗಿಲಲ್ಲಿ ನಿಲ್ತಾನೆ ಮಾರಾಯ. ನನ್ಗೆ ತಲೆಯೇ ಓಡುದಿಲ್ಲ.”

“ಸಂಜೆ ಹೇಳ್ತೇನಕ್ಕ,” ಎಂದು ಫೋನಿಟ್ಟಿದ್ದ. ಇಪ್ಪತ್ತೆರಡು ವರ್ಷ ಹಡಗಿನಲ್ಲಿ ಬೇಯಿಸಿ ಬಡಿಸಿದವ, ಒಬ್ಬನನ್ನೂ ಹಸಿದು ಏಳಗೊಟ್ಟವನಲ್ಲ.

ಒಳಗಿಂದ ಪಾಸ್ಕಲ್ ಬೆವರು ಒರೆಸಿಕೊಳ್ಳುತ್ತ ಬಂದ. ಹಡಗಿನ ಸಾರಂಗ, ಲಂಗರು ಇಳಿಸಿ ಎತ್ತುವ ಕೆಲಸ ಅವನದು. “ಎಂತ ಹೆದರ್ಲಿಕ್ಕಿಲ್ಲ, ಹೋಗು. ಲಂಗರು ಮರುದಿನ ಹಾಕಿದ್ದು ಅಂತ ಹೇಳಿ ಬಂದೆ,” ಎಂದು ದೇಜಪ್ಪನ ಬೆನ್ನು ತಟ್ಟಿದ. ದೇಜಪ್ಪ ಅವನ ಮುಖ ನೋಡಲಿಲ್ಲ.

ಮೇಜಿನ ಆಚೆ ವಿಮೆಯವರ ವಕೀಲರು, ಬಿಳಿ ನಿಲುವಂಗಿ, ಡಿಶ್‌ಡಾಶಾ, ತೊಟ್ಟ ಹಿರಿಯ ಒಮಾನಿ. ಪಕ್ಕದಲ್ಲಿ ತರ್ಜುಮೆಗೆ ಅವರ ಸೆಕ್ರೆಟರಿ ಕ್ಯಾರೋಲಿನ್, ಉಡುಪಿಯ ಕಡೆಯ ಹೆಂಗಸು. ಜಾಯ್ಸನ್ ಮೂಲೆಯ ಕುರ್ಚಿಯಲ್ಲಿ ಕೂತ. ಹೆಸರು, ಊರು, ಎಷ್ಟು ವರ್ಷದ ಸರ್ವಿಸ್ ಎಂದು ಪ್ರಶ್ನೆಗಳು ಒಂದೊಂದಾಗಿ ಬಂದವು.

“ಹಡಗಿನಲ್ಲಿ ಎಷ್ಟು ಜನ ಇದ್ರಿ?”

“ಹದಿನಾಲ್ಕು.”

ಜಾಯ್ಸನ್ ಕಾಲು ಚಾಚಿ ಕೂತ. ವಕೀಲರು ಹಾಳೆ ಮಗುಚಿ ಇಂಗ್ಲಿಷಿನಲ್ಲಿ ಏನೋ ಕೇಳಿದರು.

“ಹಡಗು ಹಿಡಿದ ಮೇಲೆ ಲಂಗರಿನ ಸರಪಳಿ ಇಳಿದದ್ದು ಕೇಳಿತಾ ಅಂತ,” ಎಂದಳು ಕ್ಯಾರೋಲಿನ್. “ಕೇಳಿದ್ರೆ ಎಷ್ಟು ಹೊತ್ತು ಇಳಿಯಿತು? ಅದು ಗೊತ್ತಾದ್ರೆ ನೀರು ಎಷ್ಟು ಆಳ, ದಡ ಎಷ್ಟು ಹತ್ತಿರ ಅಂತ ಅಂದಾಜು ಸಿಗ್ತದಂತೆ.”

ಕಟ್ಟಿಕೊಟ್ಟ ಬುತ್ತಿ, ಹೇಳಿಕೊಟ್ಟ ಬುದ್ಧಿ ಎಷ್ಟು ದಿನ ಬಂದೀತು? ‘ಕೇಳ್ಲಿಲ್ಲ’ ಎಂಬ ಒಂದು ಮಾತು ಸಾಕಿತ್ತು, ರಾತ್ರಿಗೆ ವಿಮಾನ, ಬೆಳಗಾದರೆ ಬಜಪೆ. ಆಮೇಲೆ? ಅಕ್ಕನ ಬಾಗಿಲಲ್ಲಿ ನಿಂತು ಇದೇ ಬಾಯಲ್ಲಿ ಮಾತಾಡಬೇಕು.

“ಕೇಳಿತು,” ಎಂದ ದೇಜಪ್ಪ. “ಒಂದು ನಿಮಿಷ ಹತ್ತು ಸೆಕೆಂಡ್.”

ಮೂಲೆಯ ಕುರ್ಚಿ ಕಿರುಗುಟ್ಟಿತು. ಅಷ್ಟು ಸರಿಯಾಗಿ ಹೇಗೆ ಗೊತ್ತು ಎಂದು ವಕೀಲರು ಕೇಳಿಸಿದರು.

“ಮೆಸ್ಸಿನ ಗೋಡೆಯ ಗಡಿಯಾರ ನೋಡ್ತಾ ಇದ್ದೆ. ಬೇರೆ ಎಲ್ಲಿಯೂ ನೋಡ್ಲಿಕ್ಕೆ ಆಗ್ಲಿಲ್ಲ. ಅಳಿಯ ಆ ಸರಪಳಿಯ ಗುಂಡಿಯೊಳಗಿದ್ದ.”

“ದೇಜಪ್ಪಣ್ಣ! ತಲೆ ಸರಿ ಉಂಟಾ ನಿಮ್ಗೆ?” ಎಂದು ಜಾಯ್ಸನ್ ಎದ್ದುನಿಂತ. ವಕೀಲರು ಅಂಗೈ ಎತ್ತಿ ಅವನನ್ನು ಕೂರಿಸಿದರು.

ಬಾಯಿ ಬಿಟ್ಟ ಮೇಲೆ ನಿಲ್ಲಿಸಲು ದೇಜಪ್ಪನಿಗೆ ಆಗಲಿಲ್ಲ. ಪಟ್ಟಿಯಲ್ಲಿಲ್ಲದವ ಸಿಕ್ಕರೆ ಬೇಹುಗಾರನೆಂದು ಗುಂಡಿಕ್ಕುತ್ತಾರೆ, ಎಲ್ಲಾದರೂ ಅಡಗಿಸು ಎಂದಿದ್ದ ಕ್ಯಾಪ್ಟನ್. ಹಡಗಿನ ಮುಂದುಗಡೆ, ಲಂಗರಿನ ಸರಪಳಿ ಸಿಂಬಿ ಸುತ್ತಿ ಬೀಳುವ ಕಬ್ಬಿಣದ ಗುಂಡಿಗೆ ದೇಜಪ್ಪ ತಾನೇ ಅಳಿಯನನ್ನು ಇಳಿಸಿದ್ದ. ‘ಕರೆಯುವವರೆಗೆ ಉಸಿರೆತ್ತಬೇಡ’ ಎಂದಿದ್ದ. ಅಲ್ಲಿಗೆ ಯಾರೂ ಬರುವುದಿಲ್ಲವೆಂಬುದು ಅಡುಗೆಯವನ ಬುದ್ಧಿ. ಲಂಗರು ಇಳಿದರೆ ಆ ಗುಂಡಿಯ ಸರಪಳಿಯೆಲ್ಲ ಹುಚ್ಚೆದ್ದು ಮೇಲಕ್ಕೆ ಓಡುತ್ತದೆ, ನಡುವೆ ಸಿಕ್ಕ ಮನುಷ್ಯ ಉಳಿಯುವುದಿಲ್ಲ ಎಂಬುದು ಆಗ ಹೊಳೆಯಲಿಲ್ಲ. ಅರ್ಧ ಗಂಟೆಯಲ್ಲಿ ಬಂದೂಕಿನವರು ಎಲ್ಲರನ್ನೂ ಮೆಸ್ಸಿನಲ್ಲಿ ಕೂರಿಸಿ, ಲಂಗರು ಹಾಕಲು ಪಾಸ್ಕಲನನ್ನು ಬಂದೂಕಿನ ತುದಿಯಲ್ಲಿ ಎಬ್ಬಿಸಿಕೊಂಡು ಹೋದರು. ಪಾಸ್ಕಲನಿಗೆ ಏನೂ ಗೊತ್ತಿರಲಿಲ್ಲ, ಇವತ್ತಿಗೂ ಗೊತ್ತಿಲ್ಲ.

“ನನ್ನ ಎದುರಿಂದಲೇ ಹೋದ ಮೇಡಂ. ‘ತಡಿ’ ಅಂದಿದ್ರೆ ಸಾಕಿತ್ತು. ಬಂದೂಕು ನನ್ನ ಕಡೆ ಇತ್ತು. ಹೆದರಿದೆ.”

ಕ್ಯಾರೋಲಿನ್ ಅದನ್ನೆಲ್ಲ ಇಂಗ್ಲಿಷಿಗೆ ತಂದು ಮುಗಿಸಿದಳು. ವಕೀಲರು ಪೆನ್ನು ಕೆಳಗಿಟ್ಟು, ಸಾವಿನ ಸುದ್ದಿಗೆ ಹೇಳುವ “ಇನ್ನಾ ಲಿಲ್ಲಾಹಿ” ಎಂದರು. ನೀರಿನ ಬಾಟಲಿಯ ಮುಚ್ಚಳ ತಿರುಗಿಸಿ ದೇಜಪ್ಪನ ಮುಂದೆ ಸರಿಸಿದರು. ಆಮೇಲೆ ಅವರು ಪೆನ್ನು ಎತ್ತಿಕೊಂಡು, ತಗ್ಗಿದ ದನಿಯಲ್ಲಿ ಕ್ಯಾರೋಲಿನ್‌ಗೆ ಏನೋ ಹೇಳಿದರು. ಅವಳು ದೇಜಪ್ಪನ ಕಡೆ ತಿರುಗಿದಳು.

“ಕ್ಷಮಿಸ್ಬೇಕಂತೆ. ಕೇಳದಿದ್ರೆ ಆಗುದಿಲ್ಲವಂತೆ. ಸರಪಳಿ ಒಂದೇ ಸಮನೆ ಇಳಿಯಿತಾ, ನಡುವೆ ಎಲ್ಲಾದ್ರೂ ನಿಂತಿತಾ?”

ದೇಜಪ್ಪ ಬಾಟಲಿಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡ.

“ಒಂದು ಸಲ ನಿಂತಿತು. ಪಾಸ್ಕಲ್ ಬ್ರೇಕ್ ಹಾಕಿರ್ಬೇಕು. ಗಡಿಯಾರದಲ್ಲಿ ಹನ್ನೊಂದು ಸೆಕೆಂಡ್.” ಬಾಟಲಿಯನ್ನು ಮೇಜಿಗಿಟ್ಟ. “ಆವಾಗಲೂ ನಾನು ಬಾಯಿ ಬಿಡ್ಲಿಲ್ಲ. ಮತ್ತೆ ಇಳಿಯಿತು.”

“ಇದನ್ನು ಬರೀಬೇಕಾ ದೇಜಪ್ಪಣ್ಣ?” ಎಂದು ಕ್ಯಾರೋಲಿನ್ ತುಳುವಿನಲ್ಲಿ ಕೇಳಿದಳು.

“ಬರೀರಿ. ಮೊದಲು ಹದಿನಾಲ್ಕು ಅಂದದ್ದನ್ನು ಹೊಡೆದುಹಾಕಿ. ಹದಿನೈದು. ಅವನ ಹೆಸರು ಲಕ್ಷಿತ್.”

ಹೊರಗೆ ಬರುವಾಗ ಜಾಯ್ಸನ್ ಪೊಲೀಸು, ಕೇಸು, ಇನ್ನು ವರ್ಷಗಟ್ಟಲೆ ಇಲ್ಲೇ ಕೊಳೆಯುವುದು ಎಂದೆಲ್ಲ ಒದರುತ್ತಿದ್ದ. ಬೆಂಚಿನಲ್ಲಿ ಪಾಸ್ಕಲ್ ಚಹಾದ ಎರಡು ಗ್ಲಾಸು ಹಿಡಿದು ಕಾಯುತ್ತಿದ್ದ. “ಮುಗೀತಾ?” ಎಂದ. ದೇಜಪ್ಪ ಒಂದು ಬೆರಳೆತ್ತಿ, ತಡಿ ಎಂದು ಸನ್ನೆ ಮಾಡಿ, ಕಿಟಕಿಯ ಬಳಿ ಹೋಗಿ ಫೋನ್ ಒತ್ತಿದ. ಊರಲ್ಲಿ ಬಡಿಸುವ ಹೊತ್ತಾಗುತ್ತ ಬಂದಿತ್ತು.

“ಅಕ್ಕ, ಹಾಕು,” ಎಂದ.

ಆಚೆ ಸೌಟಿನ ಸದ್ದು ನಿಂತಿತು.

“ಅಕ್ಕ, ಅವನನ್ನು ನಾನೇ...”

“ಬಡಿಸಿ ಆಗ್ಲಿ ದೇಜು. ಮತ್ತೆ ಹೇಳು,” ಎಂದಳು ಸುಂದರಿ. ಫೋನನ್ನು ಎಲ್ಲೋ ಕೆಳಗಿಟ್ಟ ಸದ್ದಾಯಿತು. ಮಗಳನ್ನು ಕರೆದು ಇನ್ನೊಂದು ಎಲೆ ತರಲು ಹೇಳಿದ್ದು ಕೇಳಿಸಿತು. ದೇಜಪ್ಪ ಫೋನನ್ನು ಕಿವಿಗೆ ಒತ್ತಿಕೊಂಡೇ ನಿಂತಿದ್ದ. ಸ್ವಲ್ಪ ಹೊತ್ತಿನಲ್ಲಿ ಎಲೆಯ ಮೇಲೆ ನೀರು ಚಿಮುಕಿಸಿ, ಕೈಯಲ್ಲಿ ಒರೆಸುವ ಸದ್ದು ಬಂತು.