ಹೊಟ್ಟೆ ಬಿಟ್ಟು ನಿಲ್ಲಿ, ಅಳತೆ ತಗೋಬೇಕು

ನಮ್ಮ ಬೀದಿಯಲ್ಲಿ ಎಲ್ಲರಿಗೂ ಒಂದು ಕಾಯಿಲೆ ಇದೆ. ಅದರ ಹೆಸರು "ನನಗೇನೂ ಆಗಿಲ್ಲ". ಮೆಟ್ಟಿಲು ಹತ್ತುವಾಗ ಎದೆ ಹಿಡಿದುಕೊಂಡರೂ ನನಗೇನೂ ಆಗಿಲ್ಲ, ಕಣ್ಣು ಕತ್ತಲೆ ಬಂದರೂ ನನಗೇನೂ ಆಗಿಲ್ಲ. ಆರೋಗ್ಯ ಕೇಂದ್ರದಲ್ಲಿ ಹತ್ತೊಂಬತ್ತು ವರ್ಷದಿಂದ ನರ್ಸ್ ಆಗಿದ್ದೇನೆ. ಈ ಕಾಯಿಲೆಗೆ ಮಾತ್ರ ನನ್ನ ಹತ್ತಿರ ಮದ್ದಿಲ್ಲ.

ಇದರಲ್ಲಿ ಎಲ್ಲರಿಗಿಂತ ಮುಂದೆ ಇದ್ದವರು ನಮ್ಮ ಟೈಲರಣ್ಣ. ವಯಸ್ಸು ಐವತ್ತೊಂದು. ಅವರ ಅಪ್ಪ ಐವತ್ತಕ್ಕೆ ಹೋದರು, ಅಣ್ಣ ನಲವತ್ತೊಂಬತ್ತಕ್ಕೆ. ಇಬ್ಬರಿಗೂ ಹೃದಯಾಘಾತ. ಆದರೂ ರಕ್ತ ಪರೀಕ್ಷೆ ಎಂದರೆ ಅವರು ಹೊಲಿಗೆ ಮಿಷನ್ನಿನ ಗಾಲಿ ಜೋರಾಗಿ ತಿರುಗಿಸುತ್ತಿದ್ದರು, ನನ್ನ ಮಾತು ಕೇಳಿಸಬಾರದು ಎಂದು.

ಅವರ ಹೆಂಡತಿಯ ತಂಗಿ ವಿಜ್ಞಾನಿ. ಇಪ್ಪತ್ತು ವರ್ಷ ಪ್ರಯೋಗಾಲಯದಲ್ಲಿ ನಿಂತು, ಮೈಯೊಳಗಿನ ಕೊಬ್ಬಿನ ಮೇಲೆ ಕೆಲಸ ಮಾಡುವ ಒಂದೇ ಒಂದು ಕಿಣ್ವದ ಬೆನ್ನು ಹತ್ತಿದವಳು. ಟೈಲರಣ್ಣ ಅವಳಿಗೆ "ಜಿಡ್ಡಮ್ಮ" ಎಂದು ಹೆಸರಿಟ್ಟಿದ್ದರು. ಅವಳು ನಕ್ಕು ಸುಮ್ಮನಾಗುತ್ತಿದ್ದಳು.

ಮೊದಲ ಸಲ ಅವಳು ಅಂಗಡಿಗೆ ಬಂದು ರಕ್ತ ಕೇಳಿದ ದಿನ ನಾನೂ ಜೊತೆಗಿದ್ದೆ.

"ಇಪ್ಪತ್ತು ವರ್ಷ ಜಿಡ್ಡು ನೋಡಿ ಏನಮ್ಮ ಕಂಡುಹಿಡಿದೆ?" ಎಂದರು ಟೈಲರಣ್ಣ.

"ಭಾವ, ನಮ್ಮ ಮೈಯಲ್ಲಿರೋ ಒಂದೊಂದು ಜೀವಕೋಶದ ಗೋಡೆನೂ ಬಹುಪಾಲು ಕೊಬ್ಬೇ. ಅದರಿಂದ ಒಂದು ಚೂರು ಕತ್ತರಿಸಿ, ಒಳಗೆ ಸುದ್ದಿ ಕಳಿಸೋ ಕತ್ತರಿ ಒಂದಿದೆ. ಅದೇ ನನ್ನ ಕಿಣ್ವ. ನಿಮ್ಮ ಬೆರಳಿಗೆ ಸೂಜಿ ಚುಚ್ಚಿದ್ರೆ ಅದು ಚೂರು ಕತ್ತರಿಸಿ, 'ಬನ್ನಿ, ಇಲ್ಲಿ ಗಾಯ ಆಗಿದೆ' ಅಂತ ಕರೆಯುತ್ತೆ. ಗಾಯ ಮಾಗಿದ ಮೇಲೆ ಸುಮ್ಮನಾಗುತ್ತೆ."

"ಒಳ್ಳೇ ಕತ್ತರಿನೇ!"

"ಒಳ್ಳೇದೇ. ಆದ್ರೆ ಕೆಲವರ ಮೈಯಲ್ಲಿ ಅದು ಸುಮ್ಮನಾಗಲ್ಲ. ಕತ್ತರಿಸ್ತಾನೇ ಇರುತ್ತೆ. ರಕ್ತನಾಳದ ಗೋಡೆ ಊದಿಕೊಳ್ಳೋದಕ್ಕೂ ಇದಕ್ಕೂ ಸಂಬಂಧ ಇದೆ ಅಂತ ನಮಗೆ ಅನ್ನಿಸಿದೆ. ಅದನ್ನ ಗಟ್ಟಿ ಮಾಡ್ಕೋಬೇಕು ಅಂದ್ರೆ ನಿಮ್ಮಂಥ ಮನೆಯವರ ರಕ್ತ ಬೇಕು. ಅಪ್ಪ, ಅಮ್ಮ, ಮಕ್ಕಳು, ಎಲ್ಲರದ್ದೂ. ಕೊಡೋದು ಬಿಡೋದು ನಿಮ್ಮ ಇಷ್ಟ. ಟ್ಯೂಬಿನ ಮೇಲೆ ಹೆಸರೂ ಇರಲ್ಲ, ನಂಬರ್ ಮಾತ್ರ. ನಿಮ್ಮ ಕೊಬ್ಬು ಎಷ್ಟಿದೆ ಅನ್ನೋ ರಿಪೋರ್ಟು ನಿಮ್ಮ ಕೈಗೇ ಕೊಡ್ತೀವಿ."

ಟೈಲರಣ್ಣ ಬಾಯಿಗೆ ಬಂದ ನೆಪ ಎಲ್ಲ ಹೇಳಿದರು. ಕೊನೆಗೆ ಅವರ ಹೆಂಡತಿ ಒಳಗಿನಿಂದಲೇ ಕೂಗಿದರು: "ರೀ, ನಾನು ಕೊಡ್ತೀನಿ, ಮಗಳೂ ಕೊಡ್ತಾಳೆ. ನೀವೊಬ್ಬರು ಹೆದರಿ ಮಿಷನ್ನಿನ ಕೆಳಗೆ ಬಚ್ಚಿಟ್ಟುಕೊಳ್ಳಿ!"

ಮಾನದ ಪ್ರಶ್ನೆ ಬಂತು. "ಮೂರು ವಾರ ಬಿಟ್ಟು ಕೊಡ್ತೀನಿ, ಈಗ ಕೈತುಂಬಾ ಕೆಲಸ" ಎಂದು ಒಪ್ಪಿಕೊಂಡರು. ಆ ಮೂರು ವಾರ ಏಕೆ ಬೇಕಾಗಿತ್ತು ಎಂಬುದು ನಮಗೆ ಆಮೇಲೆ ಗೊತ್ತಾಯಿತು.

ಹೇಳಿದ ದಿನ ಬಂದು ಕೈ ಚಾಚಿದರು. ರಕ್ತ ತೆಗೆದ ಕೂಡಲೇ ನಾನು ಟ್ಯೂಬುಗಳನ್ನು ಐಸ್ ಪೆಟ್ಟಿಗೆಯಲ್ಲಿಟ್ಟೆ. ಒಂದು ನಿಮಿಷವೂ ತಡ ಮಾಡಬೇಡಿ ಎಂದು ವಿಜ್ಞಾನಿ ನನಗೆ ಹತ್ತು ಸಲ ಹೇಳಿದ್ದಳು.

ಎರಡು ವಾರಕ್ಕೆ ರಿಪೋರ್ಟು ಬಂತು. ನೂರ ಮೂವತ್ತರೊಳಗೆ ಇರಬೇಕಾದ ಕೆಟ್ಟ ಕೊಬ್ಬಿನ ಲೆಕ್ಕ ಹೆಂಡತಿಯದು ನೂರ ನಾಲ್ಕು. ಟೈಲರಣ್ಣನದು ನೂರ ಇಪ್ಪತ್ತೆರಡು. ಮಗಳದು ಇನ್ನೂರ ಹನ್ನೆರಡು!

ಮಗಳಿಗೆ ಇಪ್ಪತ್ತನಾಲ್ಕು ವರ್ಷ. ಅಂಚೆ ಕಚೇರಿಯಲ್ಲಿ ಕೆಲಸ. ದಿನವಿಡೀ ಸೈಕಲ್ ತುಳಿದು ಕಾಗದ ಹಂಚುತ್ತಾಳೆ, ಕಡ್ಡಿಯ ಹಾಗಿದ್ದಾಳೆ. ದಪ್ಪ ಇದ್ದವರಿಗೆ ಮಾತ್ರ ಕೊಬ್ಬು ಎಂದುಕೊಂಡವರು ಅವಳನ್ನು ಒಮ್ಮೆ ನೋಡಬೇಕು.

ಟೈಲರಣ್ಣ ಬೀದಿಗೆಲ್ಲ ತಮ್ಮ ರಿಪೋರ್ಟು ತೋರಿಸಿದರು. ಮನೆಯಲ್ಲಿ ಮಗಳಿಗೆ ಪಾಠ ಶುರುವಾಯಿತು. "ದಾರಿಯಲ್ಲಿ ಸಿಕ್ಕಿದ ಕರಿದ ತಿಂಡಿ ಎಲ್ಲ ಹೊಟ್ಟೆಗೆ ಹಾಕ್ಕೊಂಡ್ರೆ ಇನ್ನೇನಾಗುತ್ತೆ? ನನ್ನ ನೋಡು!" ಎನ್ನುತ್ತಿದ್ದರು. ವೈದ್ಯರೂ ಕಾಗದ ನೋಡಿ, "ಅಪ್ಪ ಅಮ್ಮ ಇಬ್ಬರದ್ದೂ ಚೆನ್ನಾಗಿದೆ. ಆರು ತಿಂಗಳು ಊಟ ಸರಿ ಮಾಡಿ ನೋಡೋಣ, ಔಷಧಿ ಆಮೇಲೆ" ಎಂದರು. ಹುಡುಗಿ ಸರಿಯಾಗಿ ಊಟ ಮಾಡುವುದನ್ನೇ ಬಿಟ್ಟಳು. ಒಂದು ದಿನ ಸೈಕಲ್ಲಿನ ಮೇಲೆ ತಲೆ ತಿರುಗಿ, ಕಾಗದದ ಚೀಲದ ಸಮೇತ ಬಿದ್ದಳು. ಮೊಣಕೈಗೆ ಪಟ್ಟಿ ಕಟ್ಟಿದವಳು ನಾನೇ. ಅವತ್ತು ನನಗೆ ನಿಜಕ್ಕೂ ಸಂಕಟವಾಯಿತು.

ಮಾರನೆಯ ದಿನವೇ ವಿಜ್ಞಾನಿ ಓಡಿ ಬಂದಳು. ಅಂಗಡಿಯ ಕತ್ತರಿಸುವ ಮೇಜಿನ ಮೇಲೆ ಮೂರು ರಿಪೋರ್ಟು ಹರಡಿದಳು. ಪಕ್ಕದಲ್ಲಿ ನಾಲ್ಕನೆಯದು, ತೀರಿಹೋದ ಅಣ್ಣನ ಹಳೆಯ ರಿಪೋರ್ಟು. ಅದರಲ್ಲಿ ಇನ್ನೂರ ಅರವತ್ತು ಇತ್ತು.

"ಭಾವ, ನಿಮ್ಮಣ್ಣಂದು ಜಾಸ್ತಿ. ನಿಮ್ಮ ಮಗಳದ್ದೂ ಜಾಸ್ತಿ. ಇಂಥದ್ದು ಹೆತ್ತವರಿಂದ ಮಕ್ಕಳಿಗೆ ಬರೋದು, ನಡುವೆ ನಿಮ್ಮದೊಂದೇ ಸರಿ. ನನ್ನ ಲೆಕ್ಕಕ್ಕೆ ಇದು ಕೂರ್ತಾ ಇಲ್ಲ."

"ನಿನ್ನ ಲೆಕ್ಕ ತಪ್ಪಿರಬೇಕು."

"ತಪ್ಪಿರಬಹುದು. ಮೊದಲೂ ತಪ್ಪಿದೆ" ಎಂದಳು ಅವಳು. "ಕೆಲಸಕ್ಕೆ ಸೇರಿದ ಹೊಸತು. ರಕ್ತದ ಟ್ಯೂಬುಗಳನ್ನ ಐಸಿಗೆ ಹಾಕದೆ ಮೇಜಿನ ಮೇಲೆ ಇಟ್ಟಿದ್ದೆ. ರಕ್ತ ಮೈಯಿಂದ ಹೊರಗೆ ಬಂದ ಮೇಲೂ ಆ ಕಿಣ್ವ ಕೆಲಸ ನಿಲ್ಲಿಸಲ್ಲ, ಟ್ಯೂಬಿನೊಳಗೇ ಕತ್ತರಿಸ್ತಾ ಇರುತ್ತೆ. ನನಗೆ ಸಿಕ್ಕಿದ್ದು ರೋಗಿಯ ಲೆಕ್ಕ ಅಲ್ಲ, ನನ್ನ ಮೇಜಿನ ಲೆಕ್ಕ! ಒಂದೂವರೆ ವರ್ಷದ ಕೆಲಸ. ನೂರು ಜನರ ಮುಂದೆ ಎದ್ದು ನಿಂತು, 'ನನ್ನದು ತಪ್ಪು, ಇದನ್ನ ನಂಬಬೇಡಿ' ಅಂದೆ."

"ಆಮೇಲೆ?" ಟೈಲರಣ್ಣನ ಧ್ವನಿ ಸಣ್ಣದಾಗಿತ್ತು.

"ಆಮೇಲೆ ನನ್ನ ಲೆಕ್ಕ ಅಂದ್ರೆ ಜನ ಕಣ್ಣುಮುಚ್ಚಿ ನಂಬೋಕೆ ಶುರು ಮಾಡಿದ್ರು."

ಅಷ್ಟರಲ್ಲಿ ಮಗಳು ಪಟ್ಟಿ ಕಟ್ಟಿದ ಕೈಯಲ್ಲೇ ಕಾಫಿ ತಂದಳು. "ಚಿಕ್ಕಮ್ಮ, ಅಮ್ಮಂದು ಸರಿ ಇದೆ, ಅಪ್ಪಂದು ಸರಿ ಇದೆ. ಹಾಗಾದ್ರೆ ನನಗೆ ಎಲ್ಲಿಂದ ಬಂತು? ನಾನು ಇನ್ನೂ ಏನು ಬಿಡಬೇಕು?" ಎಂದಳು. ಕಣ್ಣಲ್ಲಿ ನೀರಿತ್ತು. ಟೈಲರಣ್ಣ ಮಿಷನ್ನಿನ ಗಾಲಿಗೆ ಕೈ ಹಾಕಿದರು.

ಸರಿಯಾಗಿ ಅದೇ ಹೊತ್ತಿಗೆ ವ್ಯಾಯಾಮದ ಮೇಷ್ಟ್ರು ಪ್ಯಾಂಟಿನ ಅಳತೆ ಕೊಡಲು ಬಂದರು. ನಿವೃತ್ತಿಯಾಗಿ ಆರು ವರ್ಷ, ಹೊಟ್ಟೆಗೂ ಆರು ವರ್ಷ. ಟೈಲರಣ್ಣ ತಪ್ಪಿಸಿಕೊಳ್ಳಲು ದಾರಿ ಸಿಕ್ಕಿತೆಂದು ಟೇಪು ಹಿಡಿದು ಎದ್ದರು. ಟೇಪು ಸೊಂಟಕ್ಕೆ ತಾಗಿದ್ದೇ ತಡ, ಮೇಷ್ಟ್ರು ಉಸಿರು ಎಳೆದು ಹೊಟ್ಟೆಯನ್ನು ಬೆನ್ನಿಗೆ ಅಂಟಿಸಿದರು.

ಟೈಲರಣ್ಣನ ಬಾಯಿಂದ ರೂಢಿಯ ಮಾತು ಹೊರಬಿತ್ತು. "ಹೊಟ್ಟೆ ಬಿಟ್ಟು ನಿಲ್ಲಿ ಮೇಷ್ಟ್ರೇ! ಟೇಪಿಗೆ ಸುಳ್ಳು ಹೇಳಿದ್ರೆ ಟೇಪಿಗೇನು ನಷ್ಟ? ನಾಳೆ ಗುಂಡಿ ಕಿತ್ತುಹೋಗಿ ಮಾನ ಹೋಗೋದು ನಿಮ್ಮ..."

ಮಾತು ಅಲ್ಲೇ ನಿಂತಿತು. ಅವರು ಟೇಪನ್ನು ಕೊರಳಿಗೆ ಹಾಕಿಕೊಂಡು ಸ್ಟೂಲಿನ ಮೇಲೆ ಕುಳಿತರು. ಮೇಷ್ಟ್ರು ಪಾಪ, ಇನ್ನೂ ಉಸಿರು ಹಿಡಿದೇ ನಿಂತಿದ್ದರು.

"ಪುಟ್ಟಿ, ನಿಂದೇನೂ ತಪ್ಪಿಲ್ಲ" ಎಂದರು ಮಗಳಿಗೆ. "ಪಕ್ಕದ ಅಂಗಡಿ ಗಡಿಯಾರದವನ ಹತ್ತಿರ ಅವನು ನುಂಗೋ ಕೊಬ್ಬು ಇಳಿಸೋ ಮಾತ್ರೆ ಇಸ್ಕೊಂಡೆ. ಮೂರು ವಾರ ನುಂಗಿದೆ. ರಕ್ತ ಕೊಟ್ಟ ದಿನವೇ ಬಿಟ್ಟೆ."

ಹೆಂಡತಿ ಹಣೆ ಚಚ್ಚಿಕೊಂಡರು. "ಪರೀಕ್ಷೆಗೆ ಕಾಪಿ ಹೊಡೆದ್ರಾ! ಈ ವಯಸ್ಸಿನಲ್ಲಿ!"

"ಭಯ ಕಣೇ. ಅಣ್ಣ ಮಾತ್ರೆ ಶುರು ಮಾಡಿದ ವರ್ಷವೇ ಹೋದ. ರಿಪೋರ್ಟು ಕೆಟ್ಟು ಬಂದು ನನಗೂ ಬದುಕಿಡೀ ನುಂಗು ಅಂದ್ರೆ ನನ್ನ ಕಥೆನೂ ಮುಗೀತು ಅನ್ನಿಸ್ತು, ಮೂರು ವಾರದ್ದಾದ್ರೆ ತಡ್ಕೋಬಹುದು ಅಂದ್ಕೊಂಡೆ."

ಆಗ ನಾನು ಬಾಯಿ ಹಾಕಿದೆ. "ಟೈಲರಣ್ಣ, ನಿಮ್ಮಣ್ಣನ ಚೀಟಿ ಬರೆದಿಟ್ಟವಳು ನಾನು. ಅವರು ಮಾತ್ರೆ ತಗೊಂಡಿದ್ದು ನಾಲ್ಕೇ ತಿಂಗಳು. ಹುಷಾರಾದೆ ಅಂತ ತಾವೇ ಬಿಟ್ಟರು. ಎಷ್ಟು ಹೇಳಿದ್ರೂ ಮತ್ತೆ ಬರಲಿಲ್ಲ."

ಟೈಲರಣ್ಣ ಅಂಗಿಯ ತೋಳು ಮಡಚಿ ನಾದಿನಿಯ ಕಡೆ ಕೈ ಚಾಚಿದರು. "ತಗೊಳ್ಳಮ್ಮ. ಈ ಸಲ ನಿಜವಾದ ಅಳತೆ."

"ಇವತ್ತು ಬೇಡ ಭಾವ, ಮೊದಲು ವೈದ್ಯರ ಹತ್ತಿರ ಹೋಗೋಣ. ಹಿಂದಿನ ಮಾತ್ರೆಯ ಗುಣ ಇನ್ನೂ ಇಳಿದಿರಲ್ಲ. ಅವರು ಯಾವಾಗ ಹೇಳ್ತಾರೋ ಆಗ."

ನಿಜ ತಿಳಿದ ದಿನವೇ ವೈದ್ಯರು ಮಗಳ ಚೀಟಿ ಬದಲಾಯಿಸಿದರು. ಇದು ತಿಂಡಿಯ ತಪ್ಪಲ್ಲ, ಮನೆತನದಿಂದ ಬಂದದ್ದು, ಹೊಟ್ಟೆ ತುಂಬಾ ಉಣ್ಣು, ಔಷಧಿ ಬಿಡಬೇಡ ಎಂದರು. ಟೈಲರಣ್ಣನ ರಕ್ತ ಮುಂದಿನ ತಿಂಗಳು ತೆಗೆದೆವು. ಇನ್ನೂರ ಐವತ್ತೊಂದು! ಆ ಕಾಗದ ನೋಡಿ ಮನೆಯವರೆಲ್ಲ ನಿಟ್ಟುಸಿರು ಬಿಟ್ಟರು. ಕೆಟ್ಟ ಸುದ್ದಿಗೆ ಇಷ್ಟು ನೆಮ್ಮದಿ ಪಟ್ಟ ಮನೆಯನ್ನು ನಾನು ನೋಡಿರಲಿಲ್ಲ.

ಈಗ ಅಪ್ಪ ಮಗಳು ಇಬ್ಬರೂ ಮಾತ್ರೆ ತೆಗೆದುಕೊಳ್ಳುತ್ತಾರೆ. ಇಬ್ಬರ ಲೆಕ್ಕವೂ ಇಳಿದಿದೆ. ಟೈಲರಣ್ಣ ದಿನಾ ಬೆಳಿಗ್ಗೆ ಮಗಳ ಸೈಕಲ್ಲಿನ ಹಿಂದೆ ಬೀದಿಯ ಕೊನೆಯವರೆಗೆ ನಡೆಯುತ್ತಾರೆ. ಅವರಿಬ್ಬರ ರಕ್ತ ನಂಬರ್ ಹೊತ್ತು, ಐಸ್ ಪೆಟ್ಟಿಗೆಯಲ್ಲಿ ಕುಳಿತು ವಿಜ್ಞಾನಿಯ ಪ್ರಯೋಗಾಲಯಕ್ಕೆ ಹೋಗಿದೆ. ಅವಳ ಕತ್ತರಿಯ ಗುಟ್ಟು ಪೂರ್ತಿ ಬಿಡಿಸಲು ಇನ್ನೂ ವರ್ಷಗಳು ಬೇಕಂತೆ. ಬೇಕಾಗಲಿ, ಲೆಕ್ಕ ನಿಜವಿದ್ದರೆ ಸಾಕು.

ಓದುತ್ತಿರುವ ಅಕ್ಕಂದಿರೇ, ಅಣ್ಣಂದಿರೇ, ನಿಮ್ಮ ಮನೆಯಲ್ಲಿ ಯಾರಾದರೂ ಚಿಕ್ಕ ವಯಸ್ಸಿಗೇ ಹೃದಯದ ಕಾಯಿಲೆಯಿಂದ ಹೋಗಿದ್ದರೆ, ದಪ್ಪ ಇರಲಿ ತೆಳ್ಳಗಿರಲಿ, ಮನೆಮಂದಿಯೆಲ್ಲ ಕೊಬ್ಬಿನ ಪರೀಕ್ಷೆ ಮಾಡಿಸಿ. ಇನ್ನೊಬ್ಬರ ಮಾತ್ರೆ ನುಂಗಬೇಡಿ. ನಿಮ್ಮ ಮಾತ್ರೆಯನ್ನು ವೈದ್ಯರನ್ನು ಕೇಳದೆ ಬಿಡಬೇಡಿ. ರಕ್ತ ತೆಗೆಯುವವರು ಏನೇ ಕೇಳಿದರೂ ಇದ್ದದ್ದನ್ನು ಇದ್ದ ಹಾಗೆ ಹೇಳಿ. ನಿಮ್ಮ ಸುಳ್ಳಿನ ಫಲ ಉಣ್ಣುವವರು ನಿಮ್ಮ ಮಕ್ಕಳೂ ಆಗಬಹುದು. ನಾಳೆ ಬೆಳಿಗ್ಗೆ ಆರೋಗ್ಯ ಕೇಂದ್ರಕ್ಕೆ ಬನ್ನಿ, ನಾನು ಇರುತ್ತೇನೆ. ಬಾಗಿಲ ಮೇಲೆ ಟೈಲರಣ್ಣನೇ ಬಟ್ಟೆಯಲ್ಲಿ ಹೊಲಿದುಕೊಟ್ಟ ಬೋರ್ಡು ನಿಮಗೆ ಕಾಣಿಸುತ್ತದೆ: "ಹೊಟ್ಟೆ ಬಿಟ್ಟು ನಿಲ್ಲಿ. ಅಳತೆ ತಗೋಬೇಕು."